ಹಸು ನೋಡಲು ಹೋದವನು

ನಾನು ದನದ ಡಾಕ್ಟರು. ತಾಯಲೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹಸು ಮೇವು ಬಿಟ್ಟಿದೆ ಅಂತ ಕರೆ ಬಂತು, ಹೋದೆ. ಮನೆಯ ಯಜಮಾನ ಮಂಜುನಾಥ ಹಗ್ಗ ಹಿಡಿದು ನಿಂತಿದ್ದ. ಅವನ ಹೆಂಡತಿ ರತ್ನ, ಹಸಿ ಬಾಣಂತಿ, ಜಗಲಿಯಲ್ಲಿ ಕೂತಿದ್ದಳು. ಒಳಗೆ ಮಗು ಅಳುತ್ತಿದ್ದರೂ ತಿರುಗಿ ನೋಡಲಿಲ್ಲ.

"ಯಾವಾಗಿಂದ ಮೇವು ಬಿಟ್ಟಿದೆ? ಮಲಗುತ್ತಾ? ಕರುವನ್ನ ಹತ್ತಿರ ಸೇರಿಸುತ್ತಾ?" ಎಂದು ಕೇಳಿದೆ.

"ನಂಗೂ ಊಟ ಸೇರಲ್ಲ ಸಾರ್, ನಿದ್ದೆ ಬರಲ್ಲ," ಎಂದಳು ರತ್ನ ಮೆಲ್ಲಗೆ. "ಮಗೂನ ಎತ್ಕೊಳ್ಳೋಕೂ ಮನಸ್ಸಾಗಲ್ಲ."

"ಸೋಮಾರಿತನ ಸಾರ್, ಬಿಡಿ," ಎಂದ ಮಂಜುನಾಥ.

ಕೇಳಲೋ ಬೇಡವೋ ಎಂದು ಒದ್ದಾಡಿದೆ. ಕೊನೆಗೆ ಕೇಳೇಬಿಟ್ಟೆ. "ಸಾಯಬೇಕು ಅನ್ನಿಸುತ್ತೇನಮ್ಮಾ?"

"ಕೆರೆ ಕಡೆ ಹೋಗೋಕೆ ಭಯ ಆಗ್ತೈತೆ ಸಾರ್," ಎಂದಳು ರತ್ನ.

ಮಂಜುನಾಥನ ಕೈಯಿಂದ ಹಗ್ಗ ಜಾರಿತು.

"ಬಾಣಂತಿಯರಿಗೆ ಮನಸ್ಸಿಗೂ ಕಾಯಿಲೆ ಬರುತ್ತಪ್ಪ, ವಾಸಿಯಾಗುತ್ತೆ," ಎಂದು ಹೇಳಿ, ಮಗು ಸಮೇತ ಅವರನ್ನು ಜೀಪು ಹತ್ತಿಸಿ ಮುಳಬಾಗಿಲಿನ ಆಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಮಂಜುನಾಥ ಅವಳ ಕೈ ಬಿಡಲಿಲ್ಲ. ಹಸುವಿನ ಸರದಿ ಸಂಜೆಗೆ ಬಂತು.

ಔಷಧಿ, ಆರೈಕೆಯಿಂದ ರತ್ನ ಕೆಲವು ತಿಂಗಳಲ್ಲಿ ಚೇತರಿಸಿಕೊಂಡಳು. ಈಗ ಆ ಕಡೆ ಯಾರ ಕೊಟ್ಟಿಗೆಗೆ ಹೋದರೂ ಅತ್ತೆಯರು, "ನಮ್ಮ ಸೊಸೇನೂ ಒಂದ್ಸಲ ಮಾತಾಡಿಸಿ ಸಾರ್," ಅನ್ನುತ್ತಾರೆ. ಮಾತಾಡಿಸುತ್ತೇನೆ. ಸರ್ಕಾರ ನನಗೆ ಸಂಬಳ ಕೊಡುವುದು ಮಾತ್ರ ನಾಲ್ಕು ಕಾಲಿನವುಗಳಿಗೆ.