ಮೂರು ಗೋಡೆಯ ಕೋಣೆ

ನಾಟಕಮಂದಿರದ ಬಡಗಿಯ ಹತ್ತಿರ ಎರಡು ಸಾಮಾನು ಸದಾ ಇರುತ್ತಿದ್ದವು: ಕಿವಿಯ ಮೇಲೆ ಪೆನ್ಸಿಲು, ಮೂಗಿನ ತುದಿಯಲ್ಲಿ ಸಿಟ್ಟು. ಪೆನ್ಸಿಲು ಆಗಾಗ ಕಳೆದುಹೋಗುತ್ತಿತ್ತು. ಸಿಟ್ಟು ಒಂದು ದಿನವೂ ಕಳೆದದ್ದಿಲ್ಲ.

ನಾಲ್ಕನೇ ತರಗತಿಯಲ್ಲಿದ್ದಾಗ ಒಂದು ಲೆಕ್ಕ ತಪ್ಪಿತು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು, ಇಡೀ ತರಗತಿ ಹೋ ಎಂದು ನಕ್ಕಿತು. ಇವನು ಸ್ಲೇಟನ್ನು ಕಿಟಕಿಗೆ ಬೀಸಿ ಒಗೆದು ಹೊರಟ. ಸ್ಲೇಟು ಒಡೆಯಿತು, ಓದೂ ಅಲ್ಲಿಗೇ ಮುಗಿಯಿತು. ಸೋದರಮಾವ ನಾಟಕಕ್ಕೆ ಸೆಟ್ಟು ಕಟ್ಟುತ್ತಿದ್ದ. ಅವನ ಹಿಂದೆ ಗರಗಸ ಹೊತ್ತು ಬಂದವನು ಇಪ್ಪತ್ತೆಂಟು ವರ್ಷ ಅಲ್ಲೇ ಉಳಿದ.

ನಾಟಕಕ್ಕೆ ಮನೆ ಕಟ್ಟುವುದೆಂದರೆ ಮನುಷ್ಯರು ವಾಸ ಮಾಡುವ ಮನೆ ಕಟ್ಟಿದ ಹಾಗಲ್ಲ. ಮರದ ಪಟ್ಟಿಗಳ ಚೌಕಟ್ಟಿಗೆ ಬಟ್ಟೆ ಬಿಗಿದು ಬಣ್ಣ ಬಳಿದರೆ ಒಂದು ಗೋಡೆ. ಹಿಂದಕ್ಕೊಂದು, ಎಡಕ್ಕೊಂದು, ಬಲಕ್ಕೊಂದು. ಮುಂದಿನ ಗೋಡೆ ಬೇಡ. ಆ ಕಡೆ ಜನ ಕೂತಿರುತ್ತಾರೆ. ಅರಮನೆಯಾಗಲಿ, ಗುಡಿಸಲಾಗಲಿ, ಅವನ ಲೆಕ್ಕದಲ್ಲಿ ಮೂರೇ ಗೋಡೆ.

ಅವನಿಗೆ ಇರುವುದು ಒಬ್ಬಳೇ ಮಗಳು. ಒಂಬತ್ತು ತುಂಬಿದರೂ ಓದಲು ಬರುತ್ತಿರಲಿಲ್ಲ. ಕೇಳಲು ಹೋದರೆ ಶಾಲೆಯ ಟೀಚರು, “ಇವಳ ತಲೆಗೆ ಏನೂ ಹತ್ತಲ್ಲ ರೀ. ಸುಮ್ನೆ ಹಿಂದಿನ ಬೆಂಚಲ್ಲಿ ಕೂರಿಸಿದ್ದೀನಿ” ಎಂದರು, ಮಗುವಿನ ಎದುರಿಗೇ. ಬಡಗಿ ಶಾಲೆಯ ಹೆಂಚು ಹಾರಿಹೋಗುವ ಹಾಗೆ ಕೂಗಾಡಿ, ಮಗಳ ಚೀಲವನ್ನೂ ಮಗಳನ್ನೂ ಎಳೆದುಕೊಂಡು ಬಂದ.

“ನೀವು ಬಿಟ್ಟಿದ್ದು ಸಾಲದು ಅಂತ ಅವಳನ್ನೂ ಬಿಡಿಸ್ಕೊಂಡು ಬಂದ್ರಾ?” ಎಂದಳು ಹೆಂಡತಿ. “ಒಳ್ಳೇದಾಯ್ತು. ನಮ್ಮ ಮನೆತನಕ್ಕೆ ಇದೊಂದು ಕಿರೀಟ ಬಾಕಿಯಿತ್ತು.”

ಹೆಂಡತಿ ಬೆಳಗಾದರೆ ಹೊಲಿಗೆ ಅಂಗಡಿಗೆ ಹೋಗುವವಳು. ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡುವ ಹಾಗಿರಲಿಲ್ಲ. ಹೀಗಾಗಿ ಅಪ್ಪ ನಾಟಕಮಂದಿರಕ್ಕೇ ಕರೆದುಕೊಂಡು ಹೋಗತೊಡಗಿದ. ಕಲಿಸಬೇಕೆಂದಲ್ಲ, ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯಲಿ ಎಂದು.

ಆಗ ಸಮುದ್ರದಲ್ಲಿ ಹಡಗು ಮುಳುಗುವ ಒಂದು ನಾಟಕ ನಡೆಯುತ್ತಿತ್ತು. ಮಿಂಚು ಹೊಡೆದ ಮೇಲೆ ನಾಲ್ಕು ಎಣಿಸಿ ದೊಡ್ಡ ತಗಡೊಂದನ್ನು ಅಲ್ಲಾಡಿಸಿದರೆ ಗುಡುಗು. ಅದು ಬಡಗಿಯ ಕೆಲಸ.

“ನಾಲ್ಕು ಯಾಕಪ್ಪ? ಎರಡು ಎಣಿಸಿದ್ರೆ ಆಗಲ್ವಾ?”

ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬೇಕಾಗಿ ಬಂದರೆ ಅವನು ರೇಗಿಬೀಳುವುದು ರೂಢಿ. ಅವತ್ತು ಅದೇಕೋ ರೇಗಲಿಲ್ಲ. “ನಡಿ, ಕೇಳೋಣ” ಎಂದು ದೀಪದವನ ಹತ್ತಿರ ಕರೆದುಕೊಂಡು ಹೋದ. ಬೆಳಕು ಓಡಿಬರುತ್ತದೆ, ಸದ್ದು ನಡೆದುಬರುತ್ತದೆ. ಮೂರು ಸೆಕೆಂಡಾದರೆ ಒಂದು ಕಿಲೋಮೀಟರು ಎಂದ ಅವನು. ಮುಂದಿನ ಮಳೆಗೆ ಅಪ್ಪ ಮಗಳಿಬ್ಬರೂ ಕಿಟಕಿಯಲ್ಲಿ ಕೂತು ಸಿಡಿಲೆಲ್ಲ ಎಷ್ಟೆಷ್ಟು ದೂರ ಎಂದು ಎಣಿಸಿದರು. ಎರಡು ವರ್ಷ ಬೆಂಚಿನ ಮೇಲೆ ಬಾರದ ಭಾಗಾಕಾರ ಒಂದೇ ಮಳೆಗೆ ಬಂತು.

ಓದು ಬಂದದ್ದು ಪ್ರಾಂಪ್ಟರ್ ಅಜ್ಜನಿಂದ. ಪರದೆಯ ಮರೆಯಲ್ಲಿ ನಾಟಕದ ಪುಸ್ತಕ ಹಿಡಿದು ಕೂತು, ನಟರು ಮಾತು ಮರೆತರೆ ಪಿಸುಗುಟ್ಟುವುದು ಅಜ್ಜನ ಕೆಲಸ. ಮುಳುಗುವ ಕ್ಯಾಪ್ಟನ್ನು ಕೊನೆಗೆ ಏನನ್ನುತ್ತಾನೆಂದು ತಿಳಿಯುವ ಚಪಲ ಹುಡುಗಿಗೆ. ಅಜ್ಜನ ತೊಡೆಗೆ ಒರಗಿ ಸಾಲಿನ ಮೇಲೆ ಬೆರಳಿಟ್ಟಳು. ಎರಡು ತಿಂಗಳಾಗುವಷ್ಟರಲ್ಲಿ ಅಜ್ಜ ಕನ್ನಡಕ ಒರೆಸಿಕೊಳ್ಳುವುದರೊಳಗೆ ಅವಳೇ ಪಿಸುಗುಟ್ಟುತ್ತಿದ್ದಳು.

“ಈ ಯಾಕಮ್ಮ ಇಲ್ದಿದ್ರೆ ಇವತ್ತು ನಾನು ನಿಜವಾಗ್ಲೂ ಮುಳುಗ್ತಿದ್ದೆ ಕಣಯ್ಯ!” ಎಂದ ಕ್ಯಾಪ್ಟನ್ನಿನ ವೇಷದವನು. ಮಾತಿಗೆ ಮುಂಚೆ ‘ಯಾಕೆ’ ಎನ್ನುವುದಕ್ಕೆ ಅವಳಿಗೆ ಅಲ್ಲಿ ಯಾಕಮ್ಮ ಎಂದೇ ಹೆಸರು. ಬಡಗಿ ಮುಖ ತಿರುಗಿಸಿಕೊಂಡು, ನೆಟ್ಟಗೇ ಇದ್ದ ಮೊಳೆಯೊಂದನ್ನು ಮತ್ತೆ ಬಡಿದ.

ಮಗುವಿಗೆ ಮನೆಯಲ್ಲೇ ಕಲಿಸುತ್ತೇವೆಂದು ಬರೆದುಕೊಟ್ಟಿದ್ದಕ್ಕೆ ಶಿಕ್ಷಣ ಕಚೇರಿ ಒಂದು ವರ್ಷದ ಅನುಮತಿ ಕೊಟ್ಟಿತ್ತು. ವರ್ಷದ ಕೊನೆಗೆ ಅಧಿಕಾರಿ ಮನೆಗೆ ಬಂದು ನೋಡುತ್ತಾರೆ. ಒಪ್ಪಿದರೆ ಮುಂದುವರಿಸಬಹುದು. ಇಲ್ಲವಾದರೆ ಅದೇ ಶಾಲೆ, ಅದೇ ಟೀಚರು, ಅದೇ ಹಿಂದಿನ ಬೆಂಚು.

ಬಂದವರು ಐವತ್ತರ ಹೆಂಗಸು. ಕೊಟ್ಟ ಕುರ್ಚಿಯನ್ನು ಬಾಗಿಲ ಕಡೆಯ ಗೋಡೆಗೆ ಎಳೆದುಕೊಂಡು ಕೂತರು. ತಂದಿದ್ದ ಪುಸ್ತಕದ ಯಾವುದೋ ಪುಟ ತೆಗೆದುಕೊಟ್ಟರು. ಹುಡುಗಿ ಓದಿದಳು, ಓದಿದ್ದೇನು, ಮುದುಕಿಯ ಮಾತಿಗೆ ಮುದುಕಿಯ ದನಿ, ಪೊಲೀಸಿನವನ ಮಾತಿಗೆ ಪೊಲೀಸಿನವನ ದನಿ. ಅಧಿಕಾರಿ ಕಣ್ಣರಳಿಸಿ ಏನೋ ಬರೆದುಕೊಂಡರು. ಹೆಂಡತಿ ಗಂಡನ ಕಡೆ ನೋಡಿದಳು. ವರ್ಷದಲ್ಲಿ ಮೊದಲನೇ ಸಲ ಆ ನೋಟದಲ್ಲಿ ಕೊಂಕಿರಲಿಲ್ಲ.

“ಈಗ ಈ ಕೋಣೆ ಅಳೆದು, ಚಿತ್ರ ಬರೆದು, ಸುತ್ತಳತೆ ಎಷ್ಟು ಅಂತ ಹೇಳು ಮರಿ.”

ಬಡಗಿಗೆ ನಗು ಬಂತು. ಈಚೆಗೆ ಸೆಟ್ಟುಗಳ ಚಿತ್ರವನ್ನೆಲ್ಲ ಅವಳೇ ಬರೆದುಕೊಡುತ್ತಿದ್ದಳು. ಮೀನಿನ ಮರಿಗೆ ಈಜಲು ಹೇಳಿದ ಹಾಗಾಯಿತು. ಟೇಪಿನ ಒಂದು ತುದಿ ಅವನು ಹಿಡಿದ, ಇನ್ನೊಂದನ್ನು ಅವಳು. ಹಿಂದಿನ ಗೋಡೆ ಹನ್ನೆರಡು ಅಡಿ, ಪಕ್ಕದವು ಒಂಬತ್ತೊಂಬತ್ತು. ನೆಲದ ಮೇಲೆ ಕವುಚಿ ಮಲಗಿ ಚಿತ್ರ ಬರೆದಳು.

“ಮೂವತ್ತಡಿ.”

ಅಧಿಕಾರಿ ಹಾಳೆ ತೆಗೆದುಕೊಂಡರು. ಮೂರು ಗೆರೆ ಕಡ್ಡಿಯ ಹಾಗೆ ನೆಟ್ಟಗಿದ್ದವು. ನಾಲ್ಕನೆಯದು ಇರಲೇ ಇಲ್ಲ.

“ಈ ಕಡೆ ಗೋಡೆ ಎಲ್ಲಿ ಹೋಯ್ತು?”

“ಅಲ್ಲಿ ನೀವು ಕೂತಿದ್ದೀರಲ್ಲ ಮೇಡಂ.”

ಅಧಿಕಾರಿ ನಕ್ಕುಬಿಟ್ಟರು. ಬಾಯ್ತುಂಬ ನಗು, ಹೊಟ್ಟೆ ಅಲುಗುವ ಹಾಗೆ.

ಬಡಗಿಗೆ ಕೇಳಿಸಿದ್ದು ಆ ಹೆಂಗಸಿನ ನಗುವಲ್ಲ. ನಾಲ್ಕನೇ ತರಗತಿ ಹೋ ಎಂದಿತು. ಬೆಂಚು ಕಾಲ ಕೆಳಗೆ ಅಲ್ಲಾಡಿತು.

“ಏನ್ರೀ ನಗ್ತೀರಾ? ಮಗು ತಪ್ಪು ಮಾಡಿದ್ರೆ ನಗೋದಕ್ಕೆ ಸಂಬಳ ಕೊಡ್ತಾರಾ ನಿಮಗೆ?”

“ಸ್ವಲ್ಪ ತಾಳಿ, ನಾನು ಹೇಳೋದು—”

“ಏನ್ ಹೇಳ್ತೀರಿ? ನೀವೂ ಅಷ್ಟೇ, ಆ ಟೀಚರೂ ಅಷ್ಟೇ, ಒಂದೇ ಗೂಡಿನ ಕಾಗೆಗಳು! ಏಳ್ರೀ ಮೇಲೆ!”

“ರೀ, ಸುಮ್ನಿರ್ರೀ, ನಿಮಗೆ ಕೈ ಮುಗೀತೀನಿ” ಎಂದು ಹೆಂಡತಿ ತೋಳು ಹಿಡಿದಳು. ಕೊಸರಿಕೊಂಡವನು ಕೈಯಲ್ಲಿದ್ದ ಟೇಪನ್ನು ಎಸೆದ. ಅದು ಬಾಗಿಲ ಪಕ್ಕದ ಗೋಡೆಗೆ, ಆ ನಾಲ್ಕನೇ ಗೋಡೆಗೇ, ಅಧಿಕಾರಿಯ ತಲೆಯಿಂದ ಒಂದು ಮೊಳ ದೂರದಲ್ಲಿ ಬಡಿದು ಬಿತ್ತು.

ಅಧಿಕಾರಿಯ ಮುಖ ಬಿಳುಚಿತು. ಎದ್ದರು. ಹುಡುಗಿಯ ತಲೆ ಸವರಿ, ಕಾಗದಗಳನ್ನು ಜೋಡಿಸಿಕೊಂಡು ಹೊರಟುಹೋದರು.

ಹತ್ತು ದಿನಕ್ಕೆ ಪತ್ರ ಬಂತು. ಬಡಗಿಗೆ ಕಚೇರಿಯ ಭಾಷೆ ಅರ್ಥವಾಗದು. ಮಗಳೇ ಓದಿದಳು, ಈ ಸಲ ಯಾವ ದನಿಯೂ ಇಲ್ಲದೆ.

“ಓದು, ಉತ್ತಮ. ಲೆಕ್ಕ, ತೃಪ್ತಿಕರ, ಅಳತೆ ನಿಖರವಾಗಿದೆ, ತಪ್ಪು ತಿದ್ದಬಹುದಾದದ್ದು. ಮನೆಯ ವಾತಾವರಣ, ಮಗುವಿನ ಕಲಿಕೆಗೆ ಯೋಗ್ಯವಲ್ಲ. ಅನುಮತಿ ಮುಂದುವರಿಸಲಾಗುವುದಿಲ್ಲ.”

ಓದಿ ಮುಗಿಸಿ ಪತ್ರವನ್ನು ಮಡಚಿ ಅಪ್ಪನ ಕೈಗೆ ಕೊಟ್ಟಳು.

“ಅವಳು ಪಾಸಾದ್ಲು” ಎಂದಳು ಹೆಂಡತಿ. ಮುಂದಿನದನ್ನು ಹೇಳಲಿಲ್ಲ. ಹೇಳಿದ್ದರೆ ಅವನು ಜಗಳವಾಡಿಯಾದರೂ ಹಗುರವಾಗುತ್ತಿದ್ದ.

ಶಾಲೆ ಶುರುವಾಯಿತು. ಬಡಗಿ ಈಗ ಟೇಪಿನ ಆ ತುದಿಯನ್ನು ಮೊಳೆಗೆ ಸಿಕ್ಕಿಸಿ ಒಬ್ಬನೇ ಅಳೆಯುತ್ತಾನೆ. “ಯಾಕಮ್ಮ ಎಲ್ಲಯ್ಯ?” ಎಂದು ಅಜ್ಜ ಕೇಳುವುದನ್ನೂ ಬಿಟ್ಟಿದ್ದಾನೆ.

ಒಂದು ರಜೆಯ ದಿನ ಮಗಳು ಬಂದಳು. ಹೊಸ ನಾಟಕಕ್ಕೆ ಗುಮಾಸ್ತನೊಬ್ಬನ ಮನೆ ಕಟ್ಟಬೇಕಿತ್ತು. “ಬಾರೇ, ಮೊದಲಿನ ಹಾಗೆ ನೀನೇ ಚಿತ್ರ ಬರೆದುಕೊಡು” ಎಂದು ಕಿವಿಯ ಮೇಲಿನ ಪೆನ್ಸಿಲು ತೆಗೆದುಕೊಟ್ಟ. ಎಷ್ಟಡಿ ಎಂದು ಕೇಳಿ, ಸ್ಕೇಲು ಇಟ್ಟು ಬರೆದಳು. ಯಾಕೆ ಎಂದು ಒಂದು ಸಲವೂ ಕೇಳಲಿಲ್ಲ.

ಹಾಳೆಯ ಮೇಲೆ ನಾಲ್ಕು ಗೋಡೆ. ನಾಲ್ಕೂ ಮೂಲೆ ಭದ್ರ.

“ಮುಂದಿನ ಕಡೇನೂ ಮುಚ್ಚಿಬಿಟ್ಟೆಯಲ್ಲೇ” ಎಂದ ಮೆಲ್ಲಗೆ. “ಜನ ಎಲ್ಲಿಂದ ನೋಡೋದು?”

“ಅದು ಲೆಕ್ಕದಲ್ಲಿ ಬರಲ್ಲಪ್ಪ.”

ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಬಿಡಲಿ ಎಂದು ಸುತ್ತ ನೋಡಿದ. ಬಣ್ಣ ಬಳಿಯದ ಮೂರು ಗೋಡೆ ನಿಂತಿದ್ದವು. ಎದುರಿಗೆ ಕುರ್ಚಿಗಳು, ಖಾಲಿ.