ಅರಮನೆಯಂಗಳದ ಹೆಂಗಸು

ರೈಲು ಗೇಟಿನ ಗಂಟೆ ಟಣಟಣ ಹೊಡೆದುಕೊಂಡರೆ ಡೌನರ್ಸ್ ಗ್ರೋವ್‌ನ ಹೆಂಗಸರು ಕಾರು ತೆಗೆದು ಸ್ಟೇಷನ್ನಿಗೆ ಹೊರಡುವರು. ಶಿಕಾಗೋದಿಂದ ಗಂಡಂದಿರು ಬರುವ ಹೊತ್ತು. ಇಂದುಮತಿ ಕಿಟಕಿಯಿಂದ ನೋಡಿ ಪರದೆ ಎಳೆಯುವಳು. ಅವಳ ಗಂಡ ರಘೋತ್ತಮ ವಾರವೆಲ್ಲ ಡೆಟ್ರಾಯಿಟ್‌ನ ಕಾರ್ಖಾನೆಯಲ್ಲಿ.

ಮೈಸೂರು ಬಿಟ್ಟು ಬಂದ ಮರುವರ್ಷ, ಎಪ್ಪತ್ತನಾಲ್ಕರಲ್ಲಿ, ಅವಳು ಸ್ಟೇಷನ್ ಪಕ್ಕದ ಫ್ರೇಮಿನ ಅಂಗಡಿ ಸೇರಿದಳು. ಒಡತಿ ಮಿಸೆಸ್ ವರ್ಬಾ ಹಳೆಯ ಅಚ್ಚುಚಿತ್ರಗಳನ್ನು ಮಾರುವಾಕೆ. ಎಲ್ಲವೂ ಇಂಗ್ಲೆಂಡಿನ ದೊರೆಗಳ ಅರಮನೆಗಳು; ಇನ್ನೂರೈವತ್ತು ವರ್ಷದ ಹಿಂದೆ ತಾಮ್ರದ ತಗಡಿನಲ್ಲಿ ಗೀರಿ, ಆಮ್ಲದಲ್ಲಿ ಅದ್ದಿ, ಕಾಗದಕ್ಕೆ ಒತ್ತಿದವು. ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ, ಅವುಗಳ ಮೇಲೆ ಮೆಲ್ಲಗೆ ಉರುಳಿಸಿ ಕೊಳೆ ತೆಗೆಯುವುದು ಇಂದುಮತಿಯ ಕೆಲಸ. ದಿನಕ್ಕೆ ನಾಲ್ಕು ಮಾತು ಆಡುವವರು ಸಿಗುತ್ತಿದ್ದುದು ಅಲ್ಲಿ ಮಾತ್ರ.

ಒಂದು ಚಿತ್ರದಲ್ಲಿ ಕಂಬಗಳು, ಕಾರಂಜಿ, ಮುಗಿಯದ ಕಿಟಕಿಗಳ ಸಾಲು. ಅಷ್ಟು ದೊಡ್ಡ ಅಂಗಳದಲ್ಲಿ ಒಬ್ಬಳೇ ಹೆಂಗಸು, ಕಿರುಬೆರಳಿನಷ್ಟು. "ಊಟ ಆಯ್ತೇನಮ್ಮಾ?" ಎಂದು ಇಂದುಮತಿ ಅವಳನ್ನು ದಿನವೂ ಕೇಳುವಳು.

ಆಯುಧಪೂಜೆಯ ದಿನ ರಟ್ಟು ಕುಯ್ಯುವ ಚಾಕುವಿಗೆ ಕುಂಕುಮವಿಟ್ಟಳು. ಹಬ್ಬದ ದಿನ ಬೋಳು ಹಣೆ ನೋಡಲಾಗದೆ, ಬೆಂಕಿಕಡ್ಡಿಯ ತುದಿಯಿಂದ ಆ ಹೆಂಗಸಿಗೂ ಒಂದು ಚುಕ್ಕೆ ಇಟ್ಟಳು.

ಮಿಸೆಸ್ ವರ್ಬಾ ಕನ್ನಡಕ ಏರಿಸಿದರು. "ಇಂದೂ, ಏನಿದು, ರಕ್ತವಾ?"

"ಅಲ್ಲ, ಕುಂಕುಮ."

"ಪುಡಿ ತಾನೇ? ಬ್ರೆಡ್ಡಲ್ಲಿ ತೆಗೆದುಬಿಡು. ನಾಳೆ ಕೊಳ್ಳೋರು ಬರ್ತಾರೆ. ಹಾಗೇ ಇದ್ದರೆ ನಿನಗೆ ಇಲ್ಲಿ ಕೆಲಸ ಇಲ್ಲ."

ಇಂದುಮತಿ ಉಂಡೆ ಕಟ್ಟಿದಳು. ಕೈ ಏಳಲಿಲ್ಲ. ಅಪ್ಪ ತೀರಿಕೊಂಡಾಗ ನೆಂಟರು ಅಮ್ಮನ ಹಣೆ ಒರೆಸಿದ್ದನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಳು.

ಡೆಟ್ರಾಯಿಟ್‌ಗೆ ಫೋನ್ ಮಾಡಿದಳು. ರಘೋತ್ತಮ ನಕ್ಕ. "ಕಾಗದದ ಹೆಂಗಸು ಕಣೇ! ಅವಳ ಗಂಡ ಸತ್ತು ಯಾವ ಕಾಲ ಆಯ್ತೋ! ನಾನಂತೂ ಗುಂಡುಕಲ್ಲಿನ ಹಾಗಿದೀನಿ. ಒರೆಸ್ಬಿಡು."

"ಇಟ್ಟವಳು ನಾನು, ರೀ."

"ಸರಿ, ಮೀಟಿಂಗ್ ಇದೆ. ಇಡ್ಲಾ?"

ಅವಳು ಉಂಡೆಯನ್ನು ತಟ್ಟೆಯಲ್ಲಿಟ್ಟು ಕೋಟು ಹಾಕಿಕೊಂಡಳು.

"ಮಿಸೆಸ್ ವರ್ಬಾ, ಬೇಕಾದರೆ ನೀವು ಒರೆಸಿ. ನನ್ನ ಕೈಯಿಂದ ಮಾತ್ರ..."

ಹೊರಗೆ ಗೇಟಿನ ಗಂಟೆ ಶುರುವಾಗಿತ್ತು. ಕಾಯುತ್ತ ನಿಂತ ಕಾರುಗಳ ನಡುವೆ ನುಸುಳಿ, ಹಿಂದಿರುಗಿ ನೋಡದೆ, ಅವಳು ಹಳಿಯ ಪಕ್ಕದ ದಾರಿ ಹಿಡಿದು ಮನೆಯ ಕಡೆ ನಡೆದಳು.