ಒಂಬತ್ತು ದಿನದ ಸಮಾನತೆ

ನಾನು ಒಮ್ಮೆ ಮೇಲು-ಕೀಳು ಇಲ್ಲದ ಸಮಾಜವೊಂದನ್ನು ಸ್ಥಾಪಿಸಿದ್ದೇನೆ. ನಗಬೇಡಿ. ಅದು ಒಂಬತ್ತು ದಿನ ಬಾಳಿತು. ಅದರ ಸಂಸ್ಥಾಪಕ, ಕಾನೂನುಕರ್ತ, ಪೊಲೀಸ್ ಎಲ್ಲ ನಾನೇ.

ಯಡೂರಿನ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪೌರನೀತಿ ಕಲಿಸಿದವನು ನಾನು. ‘ಎಲ್ಲರನ್ನೂ ಸಮಾನರನ್ನಾಗಿ ಮಾಡಿಯೂ ಒಬ್ಬೊಬ್ಬರ ಸ್ವಾತಂತ್ರ್ಯವನ್ನು ಉಳಿಸಬಹುದೆ?’ ಎಂದು ಪರೀಕ್ಷೆಯಲ್ಲಿ ಕೇಳುತ್ತಿದ್ದೆ. ಆಗದು ಎಂದು ಬರೆದವರಿಗೆ ಅಂಕ ಕಡಿಮೆ ಹಾಕುತ್ತಿದ್ದೆ. ನನ್ನ ಸ್ವಾತಂತ್ರ್ಯಪ್ರೇಮ ಅಷ್ಟರಮಟ್ಟಿಗಿತ್ತು.

ನಿವೃತ್ತನಾದ ಮರುವರ್ಷ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಊರೊಳಗೆ ಬಂದಳು. ದಿನ್ನೆಯ ಮೇಲಿದ್ದ ನಮ್ಮ ಶಾಲೆ ಗಂಜಿಕೇಂದ್ರವಾಯಿತು. ಇಪ್ಪತ್ತು ಎಕರೆ ಕಬ್ಬಿನ ಪಾಟೀಲರೂ, ಅವರ ಕಬ್ಬು ಕಡಿಯುವ ಗಂಗವ್ವನೂ ಒಂದೇ ಜಮಖಾನೆಯ ಎರಡು ತುದಿಗೆ ಮಲಗುವಂತಾಯಿತು. ಪುಸ್ತಕಗಳಲ್ಲಿ ಕ್ರಾಂತಿ ಮಾಡಬೇಕಾದ ಕೆಲಸವನ್ನು ಹೊಳೆ ಒಂದು ದಿನದಲ್ಲಿ ಮಾಡಿತ್ತು. ಊಟದ ಉಸ್ತುವಾರಿ ನನಗೆ ಬಂತು. ಮಧ್ಯಾಹ್ನ ಒಂದಕ್ಕೆ, ರಾತ್ರಿ ಎಂಟಕ್ಕೆ ಶಾಲೆಯ ಗಂಟೆ. ಎಲ್ಲರಿಗೂ ಒಂದೇ ಸಾಲು, ಒಂದೇ ಸೌಟು. ಬಡಿಸಿದ್ದನ್ನು ಅಲ್ಲೇ ಕೂತು ಉಣ್ಣಬೇಕು, ಕಟ್ಟಿಡುವಂತಿಲ್ಲ.

ಮೊದಲ ದಿನವೇ ಪಾಟೀಲರು ಬಂದರು. “ಮಾಸ್ತರ್ರ, ನಮ್ಮ ಮನಿಯವ್ರಿಗೆ ಆ ಕಡಿ ಖೋಲಿ ಬಿಟ್ಟಕೊಡ್ರಿ. ಊಟಾನೂ ಅಲ್ಲೇ ಕಳಸ್ರಿ.”

“ಸಾಲಿನ್ಯಾಗ ಬರ್ರಿ, ಪಾಟೀಲ್ರ,” ಎಂದೆ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ನನ್ನ ತಲೆಗೇರಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸಂಜೆ ಪದ್ಮಕ್ಕ ಬಂದರು. ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಬದುಕುತ್ತಿದ್ದ ಒಂಟಿ ಜೀವ, ಜೈನರ ಮುದುಕಿ. ಸಕ್ಕರೆ ಕಾಯಿಲೆ ಬೇರೆ. “ಮಾಸ್ತರ್ರ, ಚಾತುರ್ಮಾಸ ನಡದೈತ್ರಿ. ಹೊತ್ತ ಮುಳಗಿದ ಮ್ಯಾಲ ನಾ ಬಾಯಾಗ ನೀರ ಸೈತ ಹಾಕೂದಿಲ್ಲ. ಬೆಳಕ ಇರತ ಎರಡ ತುತ್ತ ಕೊಡಸ್ರಿ.”

“ನಿಮಗೊಬ್ಬರಿಗೆ ಕೊಟ್ಟರ ನಾಳೆ ಪಾಟೀಲ್ರೂ ಕೇಳತಾರ, ಪದ್ಮಕ್ಕಾ. ನೇಮ ಎಲ್ಲಾರಿಗೂ ಒಂದ.”

“ಆತ್ರಿ,” ಎಂದು ಹೋದರು. ವಾದ ಮಾಡಲಿಲ್ಲ. ವಾದ ಮಾಡಿದ್ದರೆ ನಾನೇ ಗೆಲ್ಲುತ್ತಿದ್ದೆ, ಏಕೆಂದರೆ ನನ್ನ ತರ್ಕದಲ್ಲಿ ತಪ್ಪಿರಲಿಲ್ಲ. ಹಸಿವು ಎಲ್ಲರಿಗೂ ಒಂದೇ ಎಂದು ನಾನು ಓದಿದ್ದೆ. ಉಣ್ಣುವ ರೀತಿ ಒಬ್ಬೊಬ್ಬರದು ಒಂದೊಂದು ಎಂಬುದಕ್ಕೆ ಪುಸ್ತಕ ಬೇಕಿರಲಿಲ್ಲ, ಕಣ್ಣು ಬೇಕಿತ್ತು.

ಮರುದಿನ ಮಧ್ಯಾಹ್ನ ಗಂಗವ್ವನ ಸೆರಗಿನಲ್ಲಿ ಗಂಟು ಕಂಡಿತು. ಎಲ್ಲರೆದುರು ಬಿಚ್ಚಿಸಿದೆ. ಎರಡು ರೊಟ್ಟಿ. ಹೊಲದಲ್ಲಿ ದುಡಿಯುವವಳ ಆಸೆಬುರುಕತನ ಎಂದುಕೊಂಡು, “ಗಂಗವ್ವಾ, ಇಲ್ಲಿ ಯಾರೂ ಹೆಚ್ಚಲ್ಲ, ಯಾರೂ ಕಡಿಮಿ ಅಲ್ಲ,” ಎಂದು ಸಣ್ಣ ಭಾಷಣ ಬಿಗಿದು, ರೊಟ್ಟಿಯನ್ನು ಬುಟ್ಟಿಗೆ ಹಾಕಿಸಿದೆ. ಆಕೆ ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಆರನೆಯ ದಿನ ಬೆಳಿಗ್ಗೆ ಪದ್ಮಕ್ಕ ನಲ್ಲಿಯ ಹತ್ತಿರ ಕುಸಿದು ಬಿದ್ದರು. ದಿನಕ್ಕೊಂದೇ ಊಟದಲ್ಲಿದ್ದ ಹೊಟ್ಟೆಗೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದರಂತೆ; ಮೈಯ ಸಕ್ಕರೆ ತೀರ ಇಳಿದುಹೋಗಿತ್ತು. ದೋಣಿಯಲ್ಲಿ ನೀರು ದಾಟಿಸಿ ಗಾಡಿ ಹತ್ತಿಸಿದೆವು. ಚಿಕ್ಕೋಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಯಿತು. ಅವರ ತಲೆ ಗಂಗವ್ವನ ತೊಡೆಯ ಮೇಲಿತ್ತು.

ಪದ್ಮಕ್ಕನ ಸೆರಗು ಸರಿಮಾಡುತ್ತ ಗಂಗವ್ವ ಹೇಳಿದಳು: “ಆ ರೊಟ್ಟಿ ಈಕಿಗಂತ ಕಟ್ಟಿದ್ನಿರಿ, ಮಾಸ್ತರ್ರ. ನನ್ನ ಪಾಲಿಂದು. ಸಂಜೀಕ ಹೊತ್ತಿರತ ಉಣ್ಣಲಿ ಅಂತ.”

“ಅವತ್ತ ಯಾಕ ಹೇಳಲಿಲ್ಲ?”

“ನೀವ ಕೇಳಲಿಲ್ರಿ.”

ಆಮೇಲಿನ ಮೂರು ದಿನ ನಾನು ಗಂಟೆ ಬಾರಿಸಲಿಲ್ಲ. ಜನ ತಾವೇ ಹೊಂದಿಸಿಕೊಂಡು ಉಂಡರು. ಮಕ್ಕಳಿಗೆ ಮೊದಲು ಬಡಿಸಿದರು, ಒಬ್ಬರ ಪಾಲು ಇನ್ನೊಬ್ಬರಿಗೆ ಹೋಯಿತು, ಯಾರೂ ಉಪವಾಸ ಬೀಳಲಿಲ್ಲ. ಪಾಟೀಲರು ಮಾತ್ರ ಎರಡೆರಡು ಸಲ ಉಂಡರು. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಮತ್ತೆ ಪಾಠ ಬರೆಸಿದಂತಾಗುತ್ತದೆ. ಹತ್ತನೆಯ ದಿನ ನೀರಿಳಿಯಿತು. ಪಾಟೀಲರು ಮಹಡಿ ಮನೆಗೆ ಹೋದರು. ಗಂಗವ್ವ ಬಿದ್ದ ಗೋಡೆಯ ಮಣ್ಣು ಎತ್ತಲು ಹೋದಳು.

ಈಗ ಯಾರಾದರೂ ಪರೀಕ್ಷೆಯ ಆ ಹಳೆಯ ಪ್ರಶ್ನೆ ಕೇಳಿದರೆ ಇಷ್ಟೇ ಹೇಳಬಲ್ಲೆ. ಸಮಾನತೆ, ಸ್ವಾತಂತ್ರ್ಯ ಎರಡೂ ಕೂಡಿ ಇದ್ದದ್ದನ್ನು ನಾನು ಒಂದೇ ಸಲ ಕಂಡಿದ್ದೇನೆ, ಒಂದು ಸೆರಗಿನ ಗಂಟಿನಲ್ಲಿ. ಅದನ್ನು ಬಿಚ್ಚಿಸಿದವನೂ ನಾನೇ.

ದಾರಿಯಲ್ಲಿ ಸಿಕ್ಕಾಗ ಗಂಗವ್ವ ಇಂದಿಗೂ “ಊಟ ಆತೇನ್ರಿ, ಮಾಸ್ತರ್ರ?” ಎನ್ನುತ್ತಾಳೆ. ಚುಚ್ಚಬೇಕೆಂದಲ್ಲ. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಕೇಳುವ ಮಾತದು. ಆ ಆರು ದಿನ ನಾನೊಬ್ಬನೇ ಅದನ್ನು ಯಾರಿಗೂ ಕೇಳಿರಲಿಲ್ಲ.